ಹಡಗು ಹತ್ತಿದ ಎರೆಮಣ್ಣು

ನಮ್ಮ ಕಡೆ ಜನ ನನ್ನನ್ನು ಕಪ್ತಾನ ಎಂದು ಕರೆಯುತ್ತಿದ್ದುದು ಗೌರವಕ್ಕಲ್ಲ, ಚೇಷ್ಟೆಗೆ. ಹುಕ್ಕೇರಿ ಸಂತೆಯಲ್ಲಿ ಗುರುತಿನವರು ಕಂಡರೆ ಸಾಕು, "ಏನ್ರಿ ಕಪ್ತಾನ್ರ, ಹಿರಣ್ಯಕೇಶಿಯೊಳಗ ಹಡಗ ಯಾವಾಗ ಬಿಡ್ತೀರಿ?" ಎಂದು ಕೇಳುತ್ತಿದ್ದರು. ಬೇಸಿಗೆಯಲ್ಲಿ ಆ ನದಿಯಲ್ಲಿ ಎಮ್ಮೆಯ ಹೊಟ್ಟೆ ನೆನೆಯುವಷ್ಟು ನೀರಿದ್ದರೆ ಪುಣ್ಯ. ಬೆಲ್ಲದ ಬಾಗೇವಾಡಿಯ ಲಿಂಗವಂತರ ಮನೆಯ ಹುಡುಗನೊಬ್ಬ ಸಮುದ್ರದ ಮೇಲೆ ಹಡಗು ನಡೆಸುತ್ತಾನೆ ಎಂಬುದು ಅವರಿಗೆ ಎತ್ತು ಈಯಿತು ಎಂದಷ್ಟೇ ನಂಬಿಕೆಯ ಮಾತು. ಅಪ್ಪನ ಬಂಡಿಯ ಜೊತೆ ಅಂಬೋಲಿ ಘಾಟ್ ಇಳಿದು ವೆಂಗುರ್ಲೆ ಬಂದರಿಗೆ ಹೋದವನು ಅಲ್ಲೇ ಉಳಿದೆ. ಅದರ ಕಥೆ ಇಲ್ಲಿ ಬೇಡ.

ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲ ಅದು. ಕರಾವಳಿಯ ಉಗಿಹಡಗುಗಳನ್ನು ಸರ್ಕಾರ ಯುದ್ಧಕ್ಕೆ ಒಯ್ದಿತ್ತು. ಮೂಲೆ ಸೇರಿದ್ದ ಹಾಯಿ ಹಡಗುಗಳಿಗೆಲ್ಲ ಎಣ್ಣೆ ಬಳಿದು ಮತ್ತೆ ನೀರಿಗೆ ಇಳಿಸಿದ್ದರು. ಹಡಗುಗಳಿದ್ದವು, ಅವನ್ನು ನಡೆಸುವ ತಾಂಡೇಲರು ಸಾಲದಾದರು. ಹಾಗಾಗಿ ಮೀಸೆ ಸರಿಯಾಗಿ ಬಲಿಯುವ ಮುಂಚೆಯೇ ಎರಡು ಕಂಬದ ಒಂದು ಪತ್ತೇಮಾರಿ ಹಾಯಿ ಹಡಗಿನ ಚುಕ್ಕಾಣಿ ನನ್ನ ಕೈಗೆ ಬಂತು. ನನಗಿಂತ ಅನುಭವಿಯಾದ ಹಿರಿಯ ಖಲಾಸಿಯೊಬ್ಬ ಅದೇ ಹಡಗಿನಲ್ಲಿದ್ದ. ಮಾಲೀಕ ಅವನನ್ನು ಬಿಟ್ಟು ನನ್ನನ್ನು ಯಾಕೆ ಆರಿಸಿದನೋ ತಿಳಿಯದು. ಆ ಖಲಾಸಿಗೆ ಅದು ನುಂಗಲಾರದ ತುತ್ತಾಗಿತ್ತು, ಆದರೆ ಕೆಲಸದಲ್ಲಿ ಎಂದೂ ತೋರಿಸಲಿಲ್ಲ.

ಆ ಬೇಸಿಗೆಯ ಕೊನೆಯ ಸರಕು ನಮ್ಮ ನಾಡಿನದೇ ಆಗಿತ್ತು. ಹುಕ್ಕೇರಿಯ ಪೇಟೆಯಲ್ಲಿ ಕೊಂಡ ಬೆಲ್ಲದ ದೊಡ್ಡ ಉಂಡೆಗಳು, ನಮ್ಮ ಕಡೆ ಪೆಂಟಿ ಅನ್ನುವವು, ಅವುಗಳ ಜೊತೆ ಗೋಕಾಕ ಕಡೆಯ ಒಂದಿಷ್ಟು ಅರಳೆ ಕಟ್ಟಿದ ಅಂಡಿಗೆಗಳು. ಎರಡೂ ಗೋಕಾಕದ ಒಬ್ಬ ವ್ಯಾಪಾರಿಯವು. ಅವನ್ನು ಮುಂಬಯಿಗೆ ಮುಟ್ಟಿಸಬೇಕು. ಬೆಲ್ಲವನ್ನು ಕಾಯಲು ವ್ಯಾಪಾರಿ ತನ್ನ ನಂಬಿಕೆಯ ಆಳೊಬ್ಬನನ್ನು ಜೊತೆಗೆ ಕಳಿಸಿದ್ದ. ಆತ ಮೂಡಲಗಿಯವ, ಅರವತ್ತರ ಆಸುಪಾಸಿನ ಒಣಕಲು ಮನುಷ್ಯ, ಹಣೆ ತುಂಬ ವಿಭೂತಿ. ನಾನು ಅವರನ್ನು ಕಾಕಾ ಎಂದೆ, ಅವರು ನನ್ನನ್ನು ತಮ್ಮಾ ಎಂದರು. ಊರ ಕಡೆಯ ಮಾತು ಕಿವಿಗೆ ಬಿದ್ದು ಬಹಳ ದಿನವಾಗಿತ್ತು, ನನಗೆ ಸಂತೋಷವಾಯಿತು.

ಕಾಕಾ ಬಂಡಿಯಿಂದ ಇಳಿಸಿದ ತಮ್ಮ ಗಂಟಿನಲ್ಲಿ ಒಣ ರೊಟ್ಟಿ, ಶೇಂಗಾ ಚಟ್ನಿ, ಒಂದು ಕಂಬಳಿ ಇದ್ದವು. ಅದರ ಸಂಗಡ ಬಾಯಿ ಹೊಲಿದ ಒಂದು ಗೋಣಿಚೀಲ. ಇಬ್ಬರು ಖಲಾಸಿಗಳು ಎತ್ತಲು ಹೋಗಿ ಮುಗ್ಗರಿಸಿದರು.

"ಇದರಾಗ ಏನೈತ್ರಿ ಕಾಕಾ?"

"ಮಣ್ಣು."

"ಮಣ್ಣ?"

"ನಮ್ಮ ಹೊಲದ ಎರಿಮಣ್ಣು. ನಮ್ಮಾಕಿ ತುಂಬಿ ಕೊಟ್ಟಾಳ. ನೀರಿನ ಮ್ಯಾಲ ಹೊಂಟೀರಿ, ಅಲ್ಲಿ ಏನರ ಹೆಚ್ಚುಕಮ್ಮಿ ಆದ್ರ ಮಣ್ಣ ಎಲ್ಲಿಂದ ತರ್ತೀರಿ ಅಂದ್ಲು. ಹೆಂಗಸ್ರ ಮಾತು. ಬ್ಯಾಡ ಅಂದ್ರ ಬಿಡವಲ್ಲಳು."

ನಮ್ಮವರಲ್ಲಿ ಸತ್ತವರನ್ನು ಸುಡುವುದಿಲ್ಲ, ನೀರಿಗೂ ಬಿಡುವುದಿಲ್ಲ. ಕುಳ್ಳಿರಿಸಿ ಮಣ್ಣು ಮಾಡುತ್ತಾರೆ. ಬಂದವರೆಲ್ಲ ಒಂದೊಂದು ಹಿಡಿ ಮಣ್ಣು ಕೊಡುತ್ತಾರೆ. ಸಾವಿಗೆ ಹೋಗುವುದಕ್ಕೆ ನಮ್ಮ ಕಡೆ ಮಣ್ಣಿಗೆ ಹೋಗುವುದು ಎಂದೇ ಹೆಸರು. ಆ ಹೆಂಗಸಿನ ಅಂಜಿಕೆ ನನಗೆ ಅರ್ಥವಾಯಿತು. ಖಲಾಸಿಗಳಿಗೆ ಮಾತ್ರ ನಗು ತಡೆಯಲಿಲ್ಲ. ಹಡಗಿಗೆ ಕಲ್ಲು ತುಂಬುವುದನ್ನು ಕಂಡಿದ್ದರು, ಮರಳು ತುಂಬುವುದನ್ನು ಕಂಡಿದ್ದರು, ಮನುಷ್ಯ ತನ್ನ ಗುಂಡಿಯ ಮಣ್ಣನ್ನು ತಾನೇ ಹೊತ್ತು ತರುವುದನ್ನು ಕಂಡಿರಲಿಲ್ಲ. ನಾನು ಚೀಲವನ್ನು ಹಿಂದಿನ ಕಂಬದ ಬುಡದಲ್ಲಿ ಇಡಿಸಿದೆ. ಕಾಕಾ ಅದರ ಮೇಲೇ ಕಂಬಳಿ ಹಾಸಿಕೊಂಡು ಮಲಗಿದರು.

ವೆಂಗುರ್ಲೆಯಿಂದ ಮುಂಬಯಿಗೆ ಹೋಗುವುದೆಂದರೆ ಬೇಸಿಗೆಯಲ್ಲಿ ಗಾಳಿಯ ಎದುರು ಹೋಗುವುದು. ಬೆಳಗಿನ ಹೊತ್ತು ದಂಡೆಯಿಂದ ನೆಲಗಾಳಿ ಬೀಸುತ್ತದೆ, ಆಗ ದಡದ ಹತ್ತಿರವೇ ಉತ್ತರಕ್ಕೆ ಓಡಬೇಕು. ಮಧ್ಯಾಹ್ನ ವಾಯವ್ಯದ ಗಾಳಿ ಎದ್ದಿತೋ, ಓರೆಯಾಗಿ ಆಳಕ್ಕೆ ಹೋಗಿ, ಹಾಯಿ ತಿರುಗಿಸಿ, ಮತ್ತೆ ಓರೆಯಾಗಿ ದಡಕ್ಕೆ ಬರಬೇಕು. ನಮ್ಮ ಹಾಯಿಯನ್ನು ಸುಮ್ಮನೆ ಎಳೆದರೆ ತಿರುಗದು. ಅದನ್ನು ಕಟ್ಟಿದ ಉದ್ದನೆಯ ಓರೆಮರವನ್ನೇ ಕಂಬದ ಮುಂದಿನಿಂದ ಸುತ್ತಿಸಿ ಇನ್ನೊಂದು ಮಗ್ಗುಲಿಗೆ ತರಬೇಕು. ಅಷ್ಟು ಹೊತ್ತು ಹಡಗು ಹಗ್ಗ ಬಿಚ್ಚಿದ ಹೋರಿ ಇದ್ದಂತೆ. ದಿನವಿಡೀ ದುಡಿದು ಸಂಜೆ ನೋಡಿದರೆ ಬೆಳಗ್ಗೆ ಕಂಡ ಗುಡ್ಡವೇ ಕಣ್ಣೆದುರು ನಿಂತಿರುತ್ತದೆ.

ಕಾಕಾನಿಗೆ ಮೊದಲ ದಿನವೇ ವಾಂತಿ ಹಿಡಿಯಿತು. ಮೀನು ಬೇಯಿಸುವ ಒಲೆಯ ಹೊಗೆ ಬಂದರೆ ಇನ್ನಷ್ಟು. ನನಗಾಗಿ ಹಡಗಿನಲ್ಲಿ ಬೇರೆ ಗಡಿಗೆ ಇತ್ತು, ಅದರಲ್ಲೇ ಅವರಿಗೂ ಗಂಜಿ ಮಾಡಿಸಿದೆ. ಎರಡು ಗುಟುಕು ಕುಡಿದು ಇಟ್ಟುಬಿಡುತ್ತಿದ್ದರು. ಇಳಿಸಿಬಿಡಲೇ, ಮುಂದಿನ ಬಂದರಿನಿಂದ ಹಿಂದಕ್ಕೆ ಹೋಗುತ್ತೀರಾ ಎಂದು ಕೇಳಿದೆ.

"ಬೆಲ್ಲ ಬಿಟ್ಟು ಹ್ಯಾಂಗ ಹೋಗ್ಲಿ? ಸಾವುಕಾರ ಏನಂದಾರು? ನಡೀಲಿ ತಮ್ಮಾ, ರೂಢಿ ಆಕ್ಕೈತಿ."

ರೂಢಿಯಾಗಲಿಲ್ಲ. ಆದರೂ ದಿನಕ್ಕೆರಡು ಸಲ ಕೆಳಗಿಳಿದು ಪೆಂಟಿಗಳನ್ನು ಮುಟ್ಟಿ ನೋಡುವುದನ್ನು ಅವರು ತಪ್ಪಿಸಲಿಲ್ಲ.

ಅವಘಡವಾದದ್ದು ಬೆಳಗಿನ ನೆಲಗಾಳಿಯಲ್ಲಿ, ದಡಕ್ಕೆ ಸಮೀಪ ಓಡುವಾಗ. ಆ ಭಾಗದ ಮೀನುಗಾರರು ಬಲೆ ಕಟ್ಟಲು ಸಮುದ್ರದ ತಳಕ್ಕೆ ದೊಡ್ಡ ಗೂಟಗಳನ್ನು ಹೊಡೆದಿರುತ್ತಾರೆ. ಸಾಲು ಕಾಣುತ್ತದೆ, ಸುತ್ತುಹಾಕಿ ಹೋಗುತ್ತೇವೆ. ಮುರಿದು ನೀರಿನೊಳಗೇ ಉಳಿದ ಒಂದು ಗೂಟ ಯಾರಿಗೂ ಕಾಣಲಿಲ್ಲ. ಹೊಡೆತ ದೊಡ್ಡದೇನೂ ಆಗಿರಲಿಲ್ಲ. ಬಂಡಿಯ ಗಾಲಿ ಕಲ್ಲು ಹತ್ತಿ ಇಳಿದಂತಾಯಿತು, ಅಷ್ಟೆ. ಹಿರಿಯ ಖಲಾಸಿ ಕೆಳಗಿಳಿದು ನೋಡಿ, ನೀರು ಎಂದಿನಷ್ಟೇ ಇದೆ ಎಂದ. ಮುಂದೆ ನಡೆದೆವು.

ಮಧ್ಯಾಹ್ನದ ಮುಂಚೆ ಕಾಕಾ ಕೆಳಗಿನಿಂದ ಹತ್ತಿ ಬಂದರು. ಬೆರಳು ನೆಕ್ಕುತ್ತಿದ್ದರು. ಮುಖ ಕಪ್ಪಿಟ್ಟಿತ್ತು.

"ತಮ್ಮಾ, ಕೆಳಗಿನ ನೀರು ಸಿಹಿ ಆಗೇತಿ."

ಪ್ರತಿ ಮರದ ಹಡಗೂ ಸ್ವಲ್ಪ ಸೋರುತ್ತದೆ. ತಳದ ಗುಂಡಿಯಲ್ಲಿ ನಿಂತ ಆ ನೀರನ್ನು ಹೊತ್ತುಹೊತ್ತಿಗೆ ಗೋರಿ ಚೆಲ್ಲುತ್ತೇವೆ. ಅದು ಉಪ್ಪಾಗಿರಬೇಕು. ಸಿಹಿಯಾಗಿದೆ ಎಂದರೆ ನೀರು ಬೆಲ್ಲದ ಎತ್ತರಕ್ಕೆ ಏರಿದೆ ಎಂದರ್ಥ. ನಾನು ಇಳಿದು ನೋಡಿದೆ. ಕಂದುಬಣ್ಣದ ನೀರು, ಜಾತ್ರೆಯ ಪಾನಕದಂತೆ ಹಡಗಿನ ಓಲಾಟಕ್ಕೆ ಆಚೆಯಿಂದ ಈಚೆಗೆ ಹರಿಯುತ್ತಿತ್ತು. ಗೂಟ ತಾಗಿದ ಕಡೆ ಹಲಗೆಗಳ ನಡುವಿನ ಅರಳೆ-ರಾಳದ ತುರುಕು ಮೆಲ್ಲಗೆ ಕಳಚಿಕೊಂಡಿರಬೇಕು. ಅದು ಪೆಂಟಿಗಳ ಅಡಿಯಲ್ಲಿತ್ತು.

ನಾಲ್ಕು ಜನ ಡಬ್ಬಿಯಿಂದ ಗೋರತೊಡಗಿದರು. ಬೆಲ್ಲದ ನೀರು ಬರಿಯ ನೀರಿನಂತೆ ಹಗುರಾಗಿ ಬರುವುದಿಲ್ಲ. ಕೈಗೆ ಅಂಟುತ್ತದೆ, ಹಗ್ಗಕ್ಕೆ ಅಂಟುತ್ತದೆ, ಹಲಗೆಯ ಮೇಲೆ ಚೆಲ್ಲಿದರೆ ಕಾಲು ಜಾರುತ್ತದೆ. ಎಷ್ಟು ಗೋರಿದರೂ ಮಟ್ಟ ಇಳಿಯಲಿಲ್ಲ. ಬಿರುಕಿನ ತನಕ ಮುಟ್ಟಬೇಕಾದರೆ ಬೆಲ್ಲ ತೆಗೆಯಬೇಕು. ಇಡಲು ಮೇಲೆ ಜಾಗವಿಲ್ಲ, ಸಮುದ್ರಕ್ಕೇ ಹಾಕಬೇಕು. ನಾನು ಕಾಕಾನ ಮುಖ ನೋಡಿದೆ. ಅವರು ಪೆಂಟಿಗಳ ಮೇಲೆ ಕೂತಿದ್ದರು. ಏಳಲಿಲ್ಲ.

"ಕಾಕಾ, ಏಳ್ರಿ."

"ನಾ ಇದನ್ನ ಕಾಯಾಕ ಬಂದಾಂವ."

"ಹಡಗ ಮುಳುಗಿದ್ರ ಕಾಯಾಕ ಏನ ಉಳಿತೈತ್ರಿ?"

ಕಾಕಾ ಎದ್ದು ಮೊದಲನೆಯ ಪೆಂಟಿಯನ್ನು ತಾವೇ ಎತ್ತಿ ಖಲಾಸಿಯ ಕೈಗೆ ಕೊಟ್ಟರು. ಹಡಗಿನ ವ್ಯಾಪಾರ ಉಪ್ಪಿಗೆ ಬಡತನ ಅಂತಾರಲ್ಲ ಹಂಗಾತು ನೋಡು ಎಂದರು. ಅಲ್ಲಿಂದ ಮುಂದೆ ಕೈಯಿಂದ ಕೈಗೆ ಪೆಂಟಿಗಳು ಹೋದವು, ನೀರಿಗೆ ಬಿದ್ದವು. ನಮ್ಮ ಬಾಗೇವಾಡಿಯ ಆಲೆಮನೆಯಲ್ಲಿ ಕುದಿದ ಬೆಲ್ಲವೂ ಅದರಲ್ಲಿ ಇದ್ದಿರಬಹುದು. ನಾನು ಆಗ ಅದನ್ನೆಲ್ಲ ಯೋಚಿಸಲಿಲ್ಲ.

ಬಿರುಕು ಸಿಕ್ಕಿತು. ಎರಡು ಪಕ್ಕೆಮರಗಳ ನಡುವೆ, ಮೊಳದುದ್ದದ ಸಂದು. ನೀರು ಬುಗ್ಗೆಯಂತೆ ಬರುತ್ತಿತ್ತು. ಹಳೆಯ ಬಟ್ಟೆಗೆ ಎಣ್ಣೆ ಹಚ್ಚಿ ತುರುಕಿದೆವು, ನೂಕಿ ಹೊರಹಾಕಿತು. ಅಂಡಿಗೆ ಬಿಚ್ಚಿ ಅರಳೆಗೆ ರಾಳ ಬಳಿದು ಬಡಿದೆವು, ಒಳಗಿನಿಂದ ಬಡಿದದ್ದು ನಿಲ್ಲುವುದಿಲ್ಲ, ನೀರಿನ ಒತ್ತಡವೇ ಅದನ್ನು ಹೊರದೂಡುತ್ತದೆ. ಬೇಕಾಗಿದ್ದದ್ದು ಒಂದೇ. ಆ ಎರಡು ಪಕ್ಕೆಮರಗಳ ನಡುವಿನ ಜಾಗವನ್ನು ಇಡಿಯಾಗಿ ಯಾವುದಾದರೂ ಭಾರದ, ಅಂಟಿನ, ನೀರು ಕುಡಿದಷ್ಟೂ ಉಬ್ಬುವ ವಸ್ತುವಿನಿಂದ ತುಂಬಿ, ಮೇಲೆ ಹಲಗೆಯಿಟ್ಟು ಒತ್ತಿ ನಿಲ್ಲಿಸಬೇಕು.

ಎರೆಭೂಮಿಯಲ್ಲಿ ಹುಟ್ಟಿದವನಿಗೆ ಅಂಥ ವಸ್ತು ಯಾವುದೆಂದು ಹೇಳಿಕೊಡಬೇಕಾಗಿಲ್ಲ. ಕಾಲುವೆಯ ಒಡ್ಡು ಒಡೆದರೆ ನಮ್ಮವರು ಅದನ್ನೇ ತುಳಿದು ಕೂಡಿಸುತ್ತಾರೆ. ನನ್ನ ಕಣ್ಣು ಮೇಲೆ, ಕಂಬದ ಬುಡದ ಚೀಲದ ಕಡೆ ಹೋಯಿತು. ಕೇಳುವುದಾದರೂ ಹೇಗೆ? ನಾನು ಚೀಲದಿಂದ ಕಣ್ಣು ಕಿತ್ತು ಬೇರೆ ಕಡೆ ನೋಡಿದೆ. ಅಷ್ಟರಲ್ಲಿ ಕಾಕಾ ಮೇಲೆ ಹತ್ತಿದ್ದರು. ಕುಡುಗೋಲಿನಿಂದ ಹೊಲಿಗೆ ಹರಿಯುವ ಸಪ್ಪಳ ಕೇಳಿಸಿತು.

"ಕಾಕಾ, ಅದು ನಿಮ್ದು."

"ನಂದು ಅಂತನ ಕೊಡಾಕತ್ತೇನಿ. ಮಂದೀದು ಆಗಿದ್ರ ಕೇಳಬೇಕಾಗ್ತಿತ್ತು."

"ನಾಳಿಗೆ ಏನರ..."

"ಮುಂದಿಂದು ಮುಂದ. ನೀರ ಹಾಕು, ಕಲಸೋಣು."

ಅವರೇ ಸೊಂಟದ ತನಕ ನೀರಿನಲ್ಲಿ ಕೂತು ಕಲಸಿದರು. ಹಳೆಯ ಹಗ್ಗದ ನಾರು ಸಣ್ಣಗೆ ಕತ್ತರಿಸಿ ಸೇರಿಸಿದೆವು. ಗಚ್ಚಿಗೆ ಬೆಲ್ಲ ಹಾಕುತ್ತಾರಲ್ಲ ಎಂದು ಎರಡು ಪೆಂಟಿ ಪುಡಿಮಾಡಿ ಅದನ್ನೂ ಸೇರಿಸಿದರು. ಉಂಡೆ ಉಂಡೆಯಾಗಿ ಬಿರುಕಿನ ಮೇಲೆ ಬಡಿದು, ತುಳಿದು, ಜಾಗ ತುಂಬಿದ ಮೇಲೆ ಹಲಗೆಯಿಟ್ಟು, ಹಲಗೆಗೂ ಮೇಲಿನ ತೊಲೆಗೂ ನಡುವೆ ಮರದ ಊರೆಗೋಲು ಕೊಟ್ಟು ಬೆಣೆ ಹೊಡೆದೆವು. ಬುಗ್ಗೆ ನಿಂತು ಜಿನುಗಾಯಿತು. ಸಂಜೆಯ ಹೊತ್ತಿಗೆ ಗೋರುವುದಕ್ಕೆ ಒಬ್ಬ ಸಾಕಾದ. ಚೀಲ ಬರಿದಾಗಿತ್ತು. ಕಾಕಾ ಅದನ್ನು ಸಮುದ್ರದ ನೀರಿನಲ್ಲಿ ತೊಳೆಯದೆ ಹಾಗೆಯೇ ಮಡಚಿ ತಲೆಯಡಿ ಇಟ್ಟುಕೊಂಡರು.

ಮರುದಿನ ಮಧ್ಯಾಹ್ನ ಕಾಕಾ ಸತ್ತರು. ಎದೆ ಹಿಡಿದಂತಾಗುತ್ತದೆ ಎಂದು ಹೇಳಿ ಕಂಬಕ್ಕೆ ಒರಗಿದರು. ನೀರು ಕೇಳಿದರು. ನಾನು ತಂಬಿಗೆ ತರುವಷ್ಟರಲ್ಲಿ ಮುಗಿದಿತ್ತು. ಕುಡಿಸಬೇಕೆಂದು ತಂದ ನೀರನ್ನು ಏನು ಮಾಡಬೇಕೆಂದು ತಿಳಿಯದೆ ನಾನೇ ಕುಡಿದೆ.

ಆಗ ನನ್ನೊಳಗೆ ಏನಾಯಿತು ಎಂದು ಕೇಳಿದರೆ, ಏನೂ ಆಗಲಿಲ್ಲ. ಕೈ ಮಾತ್ರ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ಮೈ ಸೆಟೆಯುವ ಮುಂಚೆ ಅವರ ಕಾಲು ಮಡಚಿ ಚಕ್ಕಳಮಕ್ಕಳ ಕೂರಿಸಿದೆ. ಬೆನ್ನನ್ನು ಕಂಬಕ್ಕೆ ನೆಟ್ಟಗೆ ಇಟ್ಟು ಅವರದೇ ರುಮಾಲಿನಿಂದ ಕಟ್ಟಿದೆ. ಹಣೆಗೆ, ತೋಳಿಗೆ ವಿಭೂತಿ ಹಚ್ಚಿದೆ. ನಮ್ಮಲ್ಲಿ ಮನೆಯಲ್ಲಿ ಹೇಗೆ ಮಾಡುತ್ತಾರೋ ಹಾಗೆಯೇ ಮಾಡಿದೆ. ಮುಗಿಸಿ ಎದ್ದಾಗ ಹಿರಿಯ ಖಲಾಸಿ ನನ್ನ ಹಿಂದೆ ನಿಂತಿದ್ದ. ಬಂಡಿಯವರ ಸಂಗಡ ವ್ಯವಹರಿಸಿ ಅವನು ನಮ್ಮ ಕಡೆಯ ಕನ್ನಡ ಕಲಿತಿದ್ದ.

"ಕುಂದ್ರಿಸಿ ಬಿಟ್ಟಿ ತಾಂಡೇಲ. ಇನ್ನ ನೀರಿಗೆ ಹ್ಯಾಂಗ ಬಿಡ್ತಿ?"

"ನೀರಿಗಿ ಬಿಡೂದಿಲ್ಲ."

ಹೊತ್ತು ಮುಳುಗಿದ ಮೇಲೆ ಹೆಣ ಇಟ್ಟುಕೊಂಡು ಯಾವ ಹಡಗೂ ನಡೆಯುವುದಿಲ್ಲ ಎಂದ. ಅದು ಅವರ ಕಟ್ಟಳೆ. ಸಮುದ್ರದ ಮೇಲೆ ಸತ್ತವನು ಸಮುದ್ರಕ್ಕೆ. ಅವನ ತಂದೆಯನ್ನೂ ಹಾಗೆಯೇ ಬಿಟ್ಟಿದ್ದರಂತೆ. ಅವನ ಮಾತಿನಲ್ಲಿ ಕೆಡುಕು ಇರಲಿಲ್ಲ.

ನನ್ನ ಮುಂದೆ ಎರಡು ದಾರಿ ಇದ್ದವು. ಉತ್ತರಕ್ಕೆ ಒಳ್ಳೆಯ ಬಂದರು ಇತ್ತು, ಹಡಗು ರಿಪೇರಿ ಮಾಡುವವರಿದ್ದರು. ಆದರೆ ಎದುರುಗಾಳಿಯಲ್ಲಿ ಅಲ್ಲಿಗೆ ಮುಟ್ಟುವುದು ಎಷ್ಟು ಹೊತ್ತಿಗೋ, ಅಷ್ಟು ಹೊತ್ತು ಹೆಣ ಇಡುವಂತಿಲ್ಲ. ಇನ್ನೊಂದು, ಗಾಳಿಯ ಮಗ್ಗುಲಿಗೆ, ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿ ಒಂದು ಅಳಿವೆ. ಅದರ ಬಾಯಿಗೆ ಮರಳದಿಬ್ಬ ಅಡ್ಡ ಬಿದ್ದಿತ್ತು. ನಮ್ಮಂಥ ಭಾರದ ಹಡಗು ಹುಣ್ಣಿಮೆ ಅಮಾವಾಸ್ಯೆಯ ದೊಡ್ಡ ಭರತದಲ್ಲಿ ಮಾತ್ರ ಅದನ್ನು ದಾಟಬಹುದು. ಅಂದು ಹುಣ್ಣಿಮೆ ಕಳೆದ ಮರುದಿನ, ಸಂಜೆಗೆ ಭರತ. ಒಳಗೆ ಹೋದರೂ ಹೋದೇವು, ನಾಳೆ ನಾಡಿದ್ದರ ಭರತದಲ್ಲಿ ಹೊರಬರದಿದ್ದರೆ ಅಮಾವಾಸ್ಯೆಯ ತನಕ ಸಿಕ್ಕಿಬೀಳುತ್ತೇವೆ. ಅಷ್ಟರಲ್ಲಿ ಮಳೆಗಾಲ ಕಟ್ಟಿದರೆ ಹಡಗಿನ ಆಸೆ ಬಿಟ್ಟ ಹಾಗೆಯೇ.

ನಾನು ಖಲಾಸಿಗಳನ್ನು ಕರೆದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಳಿವೆಗೆ ಹೋಗುವುದು ಬಿರುಕಿಗಾಗಿ ಅಲ್ಲ, ಕಾಕಾನಿಗಾಗಿ ಎಂದೆ. ಒಬ್ಬ ಕೊಂಕಣಿಯಲ್ಲಿ ಗೊಣಗಿದ. ಸತ್ತವನಿಗಾಗಿ ಬದುಕಿದವರನ್ನು ದಿಬ್ಬಕ್ಕೆ ಹಾಕುತ್ತೀಯಾ ಎಂದು ಇನ್ನೊಬ್ಬ ನೇರವಾಗಿ ಕೇಳಿದ. ನ್ಯಾಯವಾದ ಪ್ರಶ್ನೆ. ಬಾಯಿಗೆ ಬಂದದ್ದನ್ನು ಹೇಳಿದೆ.

"ಕೆಳಗ ಬಿರುಕಿನ್ಯಾಗ ಇರೂದು ಅವರ ಮಣ್ಣು. ನಿನ್ನಿಯಿಂದ ನಾವು ಅದರ ಮ್ಯಾಲ ಬದುಕೇವಿ. ಅದನ್ನ ಇಟಗೊಂಡು ಅವರನ್ನ ನೀರಿಗಿ ಒಗದ್ರ, ಮುಂದ ನಾ ಈ ಚುಕ್ಕಾಣಿ ಹಿಡಿಯಾಂವಲ್ಲ. ನೀವ ಹಿಡೀರಿ."

ಹಿರಿಯ ಖಲಾಸಿ ಅಳಿವೆಯ ಕಡೆ ನೋಡಿದ. ಆಮೇಲೆ ಸೀಸದ ಗುಂಡು ಕಟ್ಟಿದ ಆಳ ನೋಡುವ ಹಗ್ಗವನ್ನು ಬಿಚ್ಚಿಕೊಂಡು ಹಡಗಿನ ಮೂತಿಗೆ ಹೋಗಿ ನಿಂತ.

ಭರತ ಏರುವ ತನಕ ಹೊರಗೆ ಕಾದೆವು. ಗುಂಡಿನ ಬುಡಕ್ಕೆ ಕೊಬ್ಬು ಮೆತ್ತಿ ಇಳಿಸಿದರೆ ತಳದ ಮಣ್ಣು ಅಂಟಿ ಬರುತ್ತದೆ. ಮರಳು ಬಂದರೆ ದಿಬ್ಬ, ಕೆಸರು ಬಂದರೆ ಹೊಳೆಯ ಹಾದಿ. ಹಿರಿಯ ಖಲಾಸಿ ಒಂದೊಂದು ಸಲವೂ ಕೂಗಿ ಹೇಳಿದ, ನಾನು ಚುಕ್ಕಾಣಿ ತಿರುಗಿಸಿದೆ. ಸಣ್ಣ ಹಾಯಿ ಇಳಿಸಿ ದೊಡ್ಡದನ್ನು ಮಾತ್ರ ಉಳಿಸಿಕೊಂಡೆವು. ಕೆಳಗೆ ಊರೆಗೋಲಿನ ಹತ್ತಿರ ಒಬ್ಬ ಕೈಯಲ್ಲಿ ಸುತ್ತಿಗೆ ಹಿಡಿದು ಕೂತಿದ್ದ. ಕಾಕಾ ಕಂಬಕ್ಕೆ ಒರಗಿ ಕೂತು, ನಾವು ಮಾಡುವುದನ್ನೆಲ್ಲ ನೋಡುತ್ತಿರುವ ಹಾಗೆ ಇದ್ದರು. ಅವರನ್ನು ದಾಟಿ ಹೋಗುವಾಗಲೆಲ್ಲ ಖಲಾಸಿಗಳು ಕಾಲು ತಾಗದಂತೆ ಬಳಸಿ ಹೋಗುತ್ತಿದ್ದರು.

ದೊಡ್ಡ ಅಲೆಗಳು ಕೂಡಿ ಬರುತ್ತವೆ, ಅವು ಹೋದ ಮೇಲೆ ಸ್ವಲ್ಪ ಹೊತ್ತು ಸಮ ಇರುತ್ತದೆ. ಆ ಸಂದಿಗಾಗಿ ಕಾದು ಹಾಯಿ ಪೂರ್ತಿ ಬಿಟ್ಟೆ. ದಿಬ್ಬದ ಮೇಲೆ ಬಂದಾಗ ಎರಡೂ ಮಗ್ಗುಲಿಗೆ ನೀರು ಬೆಳ್ಳಗೆ ಒಡೆಯುತ್ತಿತ್ತು. ಹಿಂದಿನ ಅಲೆಯೊಂದು ಎತ್ತಿ ಬಿಟ್ಟಿತು, ತಳ ಮರಳಿಗೆ ತಾಗಿತು. ಚುಕ್ಕಾಣಿ ಅದರ ಕಬ್ಬಿಣದಿಂದ ಕಳಚಿ ನನ್ನ ಕೈಯಲ್ಲಿ ಬರಿಯ ಮರದ ತುಂಡಾಯಿತು. ಕೆಳಗಿನಿಂದ ಸುತ್ತಿಗೆಯವನು ನೀರು ನೀರು ಎಂದು ಕೂಗಿದ. ಬೆಣೆ ಸಡಿಲಾಗಿತ್ತು. ಅವನು ಬಡಿಯುವ ಸಪ್ಪಳ, ಮೂತಿಯಿಂದ ಹಿರಿಯ ಖಲಾಸಿಯ ಕೂಗು, ಎರಡೂ ಒಟ್ಟಿಗೆ ಬಂದವು. ಇಬ್ಬರು ಉದ್ದನೆಯ ಹುಟ್ಟುಗಳನ್ನು ಹಿಂದಕ್ಕೆ ಹಾಕಿ ತಳ್ಳಿದರು, ನಾನು ಹಾಯಿಯ ಹಗ್ಗ ಎಳೆದು ಬಿಟ್ಟು ಮೂತಿಯನ್ನು ನೇರ ಇಟ್ಟೆ. ಮುಂದಿನ ಅಲೆ ನಮ್ಮನ್ನು ಎತ್ತಿ ಒಳಗೆ ಇಟ್ಟಿತು. ಸೀಸದ ಗುಂಡಿಗೆ ಕೆಸರು ಹತ್ತಿತು.

ಆಗ ಸಂತೋಷವಾಗಬೇಕಿತ್ತು. ಆಗಲಿಲ್ಲ. ಮುಂದಿನ ಕೆಲಸ ಏನು ಎಂದು ಎಣಿಸುತ್ತಿದ್ದೆ, ಅಷ್ಟೆ.

ಹಡಗನ್ನು ಹೊಳೆಯ ದಂಡೆಯ ಕೆಸರಿಗೆ ಏರಿಸಿದೆವು. ಇಳಿತದಲ್ಲಿ ನೀರು ಹಿಂದೆ ಸರಿದಂತೆ ಅದು ಒಂದು ಮಗ್ಗುಲಿಗೆ ವಾಲಿ ಮಲಗಿತು. ಬೆಳಗಾಗುತ್ತಲೇ ಹತ್ತಿರದ ಹಳ್ಳಿಯ ಹಿರಿಯರು ಬಂದರು. ಹಿರಿಯ ಖಲಾಸಿ ಅವರೊಂದಿಗೆ ಮಾತಾಡಿ, ಭರತದ ನೀರು ಮುಟ್ಟದ ಎತ್ತರದಲ್ಲಿ, ಒಂದು ಹೊನ್ನೆಮರದ ಹತ್ತಿರ ಜಾಗ ಕೇಳಿದ. ಕೂರಿಸಿ ಹೂಳುತ್ತೀರಾ ಎಂದು ಅವರು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಆಮೇಲೆ ಒಪ್ಪಿದರು.

ಅಲ್ಲಿಯದು ಕೆಂಪು ಕಲ್ಲುಮಣ್ಣು. ಹಾರೆ ಹಾಕಿದರೆ ಕಿಡಿ ಹಾರುತ್ತಿತ್ತು. ಸತ್ತವರ ಪಾದದ ಅಳತೆಯಿಂದ ಗುಂಡಿ ಅಳೆಯುವುದು ನಮ್ಮ ಪದ್ಧತಿ. ಒಂದು ಕಡ್ಡಿಯಿಂದ ಕಾಕಾನ ಪಾದ ಅಳೆದುಕೊಂಡು ಬಂದು ನೆಲದ ಮೇಲೆ ಗೆರೆ ಎಳೆದೆ. ಅಗೆಯಲು ನಾನೊಬ್ಬನೇ ಇಳಿದೆ. ಸ್ವಲ್ಪ ಹೊತ್ತಿನ ಮೇಲೆ ಬಾಜೂವಿನಲ್ಲಿ ಇನ್ನೊಂದು ಹಾರೆ ಬಿದ್ದ ಸಪ್ಪಳವಾಯಿತು. ಹಿಂದಿನ ದಿನ ನನ್ನನ್ನು ನೇರವಾಗಿ ಪ್ರಶ್ನೆ ಕೇಳಿದ್ದ ಖಲಾಸಿ ಇಳಿದಿದ್ದ.

ಇತ್ತ ಹಡಗಿನಲ್ಲಿ ಊರೆಗೋಲು ಬಿಚ್ಚಿ ಹಲಗೆ ತೆಗೆದರು. ಎರೆಮಣ್ಣು ಗಟ್ಟಿಯಾಗಿ ಪಕ್ಕೆಮರಗಳ ಅಚ್ಚು ಹಿಡಿದು ಕೂತಿತ್ತು. ಕೊಡಲಿಯ ಹಿಂಬದಿಯಿಂದ ಹೊಡೆದು ತೆಗೆಯಬೇಕಾಯಿತು. ಒಂದು ತುಣುಕೂ ಕೆಸರಿಗೆ ಬೀಳದಂತೆ ಆರಿಸಿ ಅದೇ ಗೋಣಿಚೀಲಕ್ಕೆ ತುಂಬಿ ತಂದರು. ನಾನು ಹೇಳಿರಲಿಲ್ಲ.

ವಿಧಿ ನಡೆಸುವ ಅಯ್ಯನವರು ಇರಲಿಲ್ಲ. ಬಂಧುಗಳು ಇರಲಿಲ್ಲ. ನನಗೆ ಬರುವಷ್ಟನ್ನು ನಾನು ಮಾಡಿದೆ. ಕಾಕಾನನ್ನು ಗುಂಡಿಯಲ್ಲಿ ಪೂರ್ವಕ್ಕೆ ಮುಖ ಮಾಡಿ ಕೂರಿಸಿದೆ. ಘಾಟಿನ ಸಾಲು ಆ ಕಡೆ ಇತ್ತು, ಅದರಾಚೆ ನಮ್ಮ ಊರುಗಳು. ಕೊರಳ ಲಿಂಗವನ್ನು ಬಿಚ್ಚಿ ಎಡಗೈಯಲ್ಲಿ ಇಟ್ಟೆ. ಮೊದಲು ಅವರ ಮಣ್ಣು ಹಾಕಿದೆವು. ಉಂಡೆಗಳನ್ನು ಕೈಯಲ್ಲಿ ಪುಡಿಮಾಡಿ ಮಡಿಲಿಗೆ, ತೋಳಿನ ಸುತ್ತ, ಎದೆಯ ತನಕ. ಎದೆಯಿಂದ ಮೇಲೆ ಆ ಊರಿನ ಕೆಂಪುಮಣ್ಣು. ಖಲಾಸಿಗಳು ಸಾಲಾಗಿ ಬಂದು ನಾನು ಮಾಡಿದಂತೆ ಒಂದೊಂದು ಹಿಡಿ ಹಾಕಿದರು. ಹಿರಿಯ ಖಲಾಸಿ ಹಾಕುವಾಗ ತನ್ನ ತಂದೆಯ ಹೆಸರು ಹೇಳಿದ್ದು ನನಗೆ ಕೇಳಿಸಿತು.

ಆಮೇಲಿನದು ಬರಿಯ ಕೆಲಸ. ಗೋಕಾಕದ ಅರಳೆಯನ್ನು ಬತ್ತಿ ಹೊಸೆದು, ಎಣ್ಣೆ-ರಾಳದಲ್ಲಿ ಅದ್ದಿ, ಈ ಸಲ ಹೊರಗಿನಿಂದ ಬಿರುಕಿಗೆ ಬಡಿದೆವು. ಚುಕ್ಕಾಣಿಗೆ ಹೊಸ ಮೊಳೆ ಹಾಕಿದೆವು. ಮಾರನೆಯ ಭರತದಲ್ಲಿ ಹಡಗು ಎದ್ದಿತು, ಆದರೆ ದಿಬ್ಬ ದಾಟುವಷ್ಟು ನೀರಾಗಲಿಲ್ಲ. ಉಳಿದ ಬೆಲ್ಲದಲ್ಲಿ ಅರ್ಧವನ್ನು ಹಳ್ಳಿಯವರ ದೋಣಿಗಳಲ್ಲಿ ಹೊರಗೆ ಸಾಗಿಸಿ ಹಡಗನ್ನು ಹಗುರ ಮಾಡಿ, ಮತ್ತೊಂದು ಭರತದಲ್ಲಿ ತಳ ಕೆರೆಸಿಕೊಂಡೇ ದಾಟಿದೆವು. ಮುಂಬಯಿ ಮುಟ್ಟಿದೆವು. ಸಮುದ್ರಕ್ಕೆ ಹಾಕಿದಷ್ಟು ಸರಕು ಕಡಿಮೆಯಾಗಿತ್ತು, ಅದರ ಹೊಣೆ ನನ್ನ ಮೇಲೆ ಬಂತು. ಮಳೆಗಾಲ ಮುಗಿದು ಹಡಗು ಮತ್ತೆ ನೀರಿಗಿಳಿದಾಗ ಮಾಲೀಕ ಚುಕ್ಕಾಣಿಯನ್ನು ಹಿರಿಯ ಖಲಾಸಿಗೆ ಕೊಟ್ಟ. ಅವನು ನನ್ನ ಹತ್ತಿರ ಬಂದು, "ನಾ ಬ್ಯಾಡ ಅಂದೆ" ಎಂದ. ಹಿಡಿ ಎಂದೆ. ಅವನ ಕೈಕೆಳಗೆ ನಾನು ಖಲಾಸಿಯಾಗಿ ಬಹಳ ವರ್ಷ ದುಡಿದೆ.

ಆದರೆ ಅದಕ್ಕೂ ಮೊದಲು, ಮುಂಬಯಿಯಿಂದ ರೈಲಿನಲ್ಲಿ ಬಂದು ಗೋಕಾಕ ರೋಡ್ ನಿಲ್ದಾಣದಲ್ಲಿ ಇಳಿದು, ಮೂಡಲಗಿಗೆ ಹೋಗುವ ಬಂಡಿ ಹಿಡಿದೆ. ಮುಂಬಯಿಯಿಂದ ವ್ಯಾಪಾರಿಗೆ ಕೊಟ್ಟ ತಂತಿಯಿಂದ ಸುದ್ದಿ ಮುಂಚೆಯೇ ಮುಟ್ಟಿತ್ತು. ಕಾಕಾನ ಮನೆಯ ಕಟ್ಟೆಯ ಮೇಲೆ ಅವರ ಹೆಂಡತಿ ಕೂತಿದ್ದರು. ಕೈಯಲ್ಲಿ ಬಳೆ ಇರಲಿಲ್ಲ. ನಾನು ಯಾರೆಂದು ಹೇಳಿದೆ. ಮಡಚಿದ ಗೋಣಿಚೀಲವನ್ನು ಅವರ ಮುಂದೆ ಇಟ್ಟೆ. ಬೇರೇನು ತರಬೇಕಿತ್ತೋ ನನಗೆ ತಿಳಿದಿರಲಿಲ್ಲ.

ಅವರು ಚೀಲವನ್ನು ಮುಟ್ಟಿ ನೋಡಿದರು. ಅಳಲಿಲ್ಲ.

"ಕುಂದ್ರಿಸಿದ್ರ್ಯಾ?"

"ಕುಂದ್ರಿಸೇವ್ರಿ ಕಾಕು. ಮೂಡಲಕ ಮಾರಿ ಮಾಡಿ."

"ಮಣ್ಣು?"

ನಾನು ಎಲ್ಲವನ್ನೂ ಹೇಳಿದೆ. ಬಿರುಕಿನ ವಿಷಯ, ಕಾಕಾ ಹೊಲಿಗೆ ಹರಿದದ್ದು, ಬೆಲ್ಲ ಕಲಸಿದ್ದು, ಮತ್ತೆ ಕೊಡಲಿಯಿಂದ ತೆಗೆದದ್ದು. ಉಪ್ಪುನೀರಿನಲ್ಲಿ ನೆನೆದ ಮಣ್ಣೆಂದು ಮುಚ್ಚಿಡಲಿಲ್ಲ. ಅವರು ಕೇಳುತ್ತ ಚೀಲದ ಮೂಲೆಯನ್ನು ಬೆರಳಿನಿಂದ ತಿಕ್ಕುತ್ತಿದ್ದರು.

"ಆ ಮಣ್ಣ ನಾ ಹಿಡಿ ಹಿಡಿಲೆ ತುಂಬೀನಿ" ಎಂದರು. "ಬುಟ್ಟಿಲೆ ತುಂಬಿದ್ರ ಲಗೂ ಆಗ್ತಿತ್ತು. ಆದ್ರ ಮನಸ ಬರಲಿಲ್ಲ. ಹಂಗಾದ್ರ ನಾನೂ ಕೊಟ್ಟಂಗಾತು ಬಿಡು ತಮ್ಮಾ. ಎಲ್ಲಾರಗಿಂತ ಮೊದಲ ನಾನ ಕೊಟ್ಟೀನಿ."

ಇಷ್ಟು ಹೇಳಿ ಎದ್ದು ಒಳಗೆ ಹೋದರು. ಬಿಸಿಲಲ್ಲಿ ಬಂದವರಿಗೆ ನಮ್ಮ ಕಡೆ ಕೊಡುವಂತೆ ಒಂದು ತಂಬಿಗೆ ನೀರು, ಅಂಗೈ ಮೇಲೆ ಒಂದು ಚೂರು ಬೆಲ್ಲ ತಂದರು. ಮಾರಿ ಒಣಗೇತಿ, ಬಾಯಾಗ ಹಾಕ್ಕೋ ಎಂದರು. ಆ ಬೆಲ್ಲವನ್ನು ಬಾಯಿಗೆ ಹಾಕಿಕೊಳ್ಳಲು ನನಗೆ ಧೈರ್ಯ ಬೇಕಾಯಿತು. ಹಡಗು ಸೋರಿದ ದಿನದಿಂದ ಕೈ, ಅನ್ನ, ಗಾಳಿ, ಎಲ್ಲವೂ ನನ್ನ ನಾಲಗೆಗೆ ಸಿಹಿ-ಉಪ್ಪಾಗಿಯೇ ಇತ್ತು. ಹಾಕಿಕೊಂಡೆ, ಮೇಲೆ ನೀರು ಕುಡಿದೆ. ಅದರಲ್ಲಿ ಉಪ್ಪು ಇರಲಿಲ್ಲ. ತಂಬಿಗೆ ಕೆಳಗಿಡುವಷ್ಟರಲ್ಲಿ ನನಗೆ ಅಳು ಬಂತು, ಕಟ್ಟೆಯ ಮೇಲೆ ಕೂತೇ ಅತ್ತೆ. ಅವರು ಬಾಜೂ ಕೂತು ಬೆನ್ನ ಮೇಲೆ ಕೈ ಇಟ್ಟರು.